ತೂಕ ಇಳಿಸಲು ಹೊರಟ ಹೀರೋಗಳೇ... ಮೂರನೇ ವಾರ ಜೋಪಾನ!

'ದಂಗಲ್' ತೆರೆ ಕಂಡದ್ದು 2016ರ ಡಿಸೆಂಬರ್‌ನಲ್ಲಿ. ಅದರಲ್ಲಿ ಆಮಿರ್ ಖಾನ್‌ಗೆ ಎರಡು ಮೈ! ಒಂದು, ಅಖಾಡದಲ್ಲಿ ತೊಡೆ ತಟ್ಟುವ ಹುರಿಗಟ್ಟಿದ ಯುವಕನದು. ಇನ್ನೊಂದು, ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸುವ ಡೊಳ್ಳುಹೊಟ್ಟೆ ಅಪ್ಪನದು. ಕಥೆಯಲ್ಲಿ ಯುವಕ ಮೊದಲು, ಅಪ್ಪ ಆಮೇಲೆ. ಶೂಟಿಂಗ್ ನಡೆದದ್ದು ಮಾತ್ರ ಉಲ್ಟಾ! ತೂಕವನ್ನು 97 ಕಿಲೋ ತನಕ ಏರಿಸಿಕೊಂಡು ಅಪ್ಪನ ದೃಶ್ಯಗಳನ್ನು ಮೊದಲು ಮುಗಿಸಿದರು. ಆಮೇಲೆ ಐದು ತಿಂಗಳ ಮಟ್ಟಿಗೆ ಬೆವರು ಹರಿಸಿ, ಮೈ ಇಳಿಸಿ, ಯುವಕನಾಗಿ ಕ್ಯಾಮೆರಾ ಮುಂದೆ ಬಂದರು.

ಯಾಕೆ ಹೀಗೆ? ಆಮಿರ್ ಕೊಟ್ಟ ಕಾರಣ ಕೇಳಿ. ದಪ್ಪಗಿನ ಪಾತ್ರವನ್ನು ಕೊನೆಗೆ ಇಟ್ಟುಕೊಂಡರೆ, ಚಿತ್ರ ಮುಗಿದ ಮೇಲೆ ತೂಕ ಇಳಿಸೋಕೆ ತನಗೆ ಹುರುಪೇ ಇರೋಲ್ಲ ಅಂತ!

ಮಿತ್ರರೇ, ಇದನ್ನು ಸ್ವಲ್ಪ ಯೋಚನೆ ಮಾಡಿ. ಹೇಳಿಕೊಡುವವರಿದ್ದಾರೆ, ಅಳೆದು ಬಡಿಸುವವರಿದ್ದಾರೆ, ದುಡ್ಡಿಗಂತೂ ಬರವಿಲ್ಲ. ಅಂಥ ನಟನೇ ತನ್ನ ಮನಸ್ಸನ್ನು ನಂಬಲಿಲ್ಲ. ಶೂಟಿಂಗ್ ತಾರೀಕು ಅನ್ನೋ ಬೆತ್ತವನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ನಮ್ಮ ಹುಡುಗರ ಕಥೆ ಹೇಗೆ? ಫೈಟಿಂಗ್‌ನಲ್ಲಿ ಹೀರೋ ಶರ್ಟ್ ಹರಿದು ಬಿಸಾಡ್ತಾನೆ, ಥಿಯೇಟರ್ ತುಂಬಾ ಶಿಳ್ಳೆ. ಸೋಮವಾರ ಬೆಳಿಗ್ಗೆ ಇವರು ಜಿಮ್ ಬಾಗಿಲಲ್ಲಿ! ಮೂರು ತಿಂಗಳ ಫೀಸು ಒಟ್ಟಿಗೆ ಕಟ್ಟಿ, ಹೊಸ ಬೂಟು ತಂದು, ಮೊದಲ ದಿನವೇ ಎರಡು ಗಂಟೆ ಕಬ್ಬಿಣ ಎತ್ತುತ್ತಾರೆ. ಎರಡನೇ ದಿನ ಮೆಟ್ಟಿಲು ಹತ್ತೋಕಾಗಲ್ಲ. ಮೂರನೇ ವಾರ ಆಸಾಮಿಯೇ ನಾಪತ್ತೆ. (ಫೀಸನ್ನು ಮುಂಗಡ ತಗೊಳ್ಳೋ ಗುಟ್ಟು ಈಗ ಗೊತ್ತಾಯ್ತಾ?)

ಇನ್ನೊಂದು ಮಾತು. ತೆರೆಯ ಮೇಲಿನ ಆ ಹೊಟ್ಟೆಯ ಕಟ್ಟುಗಳಿಗೆ ಮರುಳಾಗಬೇಡಿ. ಶರ್ಟ್ ಬಿಚ್ಚುವ ದೃಶ್ಯಕ್ಕೆ ಮುಂಚೆ ನೀರು, ಉಪ್ಪು ಕಡಿಮೆ ಮಾಡಿ ಮೈ ಒಣಗಿಸಿಕೊಳ್ಳುವ ನಟರುಂಟು. ಮೇಲೆ ಲೈಟಿಂಗ್ ಬೇರೆ. ಷಾಟ್ ಮುಗಿದು ಊಟ ಶುರುವಾದರೆ ಅರ್ಧ ಮಾಯ!

ಹಾಗಾದರೆ ಮೂರನೇ ವಾರದಲ್ಲೇ ಯಾಕೆ ಹುರುಪು ಇಳಿಯುತ್ತೆ? ಅದಕ್ಕೂ ಲೆಕ್ಕವಿದೆ. ನಮ್ಮ ಮೈ ಸ್ವಲ್ಪ ಸಕ್ಕರೆಯನ್ನು ಲಿವರ್‌ನಲ್ಲಿ, ಮಾಂಸಖಂಡದಲ್ಲಿ ಕೂಡಿಟ್ಟಿರುತ್ತೆ. ಅದರ ಜೊತೆ ಅದರ ಮೂರು ಪಟ್ಟು ತೂಕದ ನೀರೂ ಇರುತ್ತೆ. ಊಟ ಕಡಿಮೆ ಮಾಡಿದ ತಕ್ಷಣ ಈ ಸಕ್ಕರೆ ಖರ್ಚಾಗಿ, ನೀರು ಹೊರಗೆ ಹೋಗುತ್ತೆ. ಮೊದಲ ವಾರ ಒಂದೆರಡು ಕಿಲೋ ಇಳಿದಾಗ 'ಗೆದ್ದೆ ಗುರು!' ಅಂತ ಕುಣಿಯುತ್ತೀವಲ್ಲ, ಅದರಲ್ಲಿ ಹೆಚ್ಚು ಪಾಲು ಬರೀ ನೀರು. ಆಮೇಲೆ ಕೊಬ್ಬಿನ ಸರದಿ. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೋರಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದೇ ದೊಡ್ಡದು. ಅಷ್ಟರಲ್ಲಿ ರಾತ್ರಿ ತಿಂದ ಉಪ್ಪಿನಕಾಯಿ, ಕುಡಿದ ನೀರು ಇವೇ ಮುಳ್ಳನ್ನು ಹಿಂದೆ ಮುಂದೆ ಆಡಿಸುತ್ತವೆ. ಹುಡುಗ ನೋಡ್ತಾನೆ, ಮುಳ್ಳು ನಿಂತಿದೆ. 'ನನ್ನ ಮೈಗೆ ಇದು ಆಗಿಬರಲ್ಲ' ಅಂತ ಬೋಂಡಾ ಗಾಡಿ ಕಡೆ ನಡೀತಾನೆ. ಒಳಗೆ ಕೊಬ್ಬು ಕರಗುತ್ತಿರುವಾಗಲೇ ಕೈಬಿಟ್ಟ ಹಾಗಾಯ್ತು!

ಹಿಂದೆ ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್‌ಗಳಲ್ಲಿ ಬಣ್ಣದ ದೀಪದ ತೂಕದ ಮಿಷನ್ ಇರುತ್ತಿತ್ತು. ಕಾಸು ಹಾಕಿದರೆ ಟಕ್ ಅಂತ ರಟ್ಟಿನ ಟಿಕೆಟ್! ಒಂದು ಕಡೆ ತೂಕ, ಭವಿಷ್ಯ. ಇನ್ನೊಂದು ಕಡೆ ಸಿನಿಮಾ ತಾರೆಯ ಚಿತ್ರ. ಆ ಚಿತ್ರಕ್ಕಾಗಿಯೇ ತೂಕ ನೋಡಿಸಿಕೊಂಡವರೆಷ್ಟು ಮಂದಿ! ಯಾವಾಗಲೋ ಒಮ್ಮೆ ನೋಡುತ್ತಿದ್ದ ಆ ಕಾಲವೇ ವಾಸಿ. ಈಗ ದಿನಕ್ಕೆ ಮೂರು ಸಲ ನೋಡಿ ಎದೆಗುಂದುತ್ತಾರೆ. ವಾರಕ್ಕೆ ಒಂದೇ ಸಲ, ಒಂದೇ ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ. ಗೋಡೆಯ ಕ್ಯಾಲೆಂಡರಲ್ಲಿ ಬರೆಯಿರಿ. ಜೊತೆಗೆ ಟೈಲರ್ ಟೇಪಿನಲ್ಲಿ ಸೊಂಟ ಅಳೆಯಿರಿ. ನಮ್ಮ ದೇಶದ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗೆ ದಾರಿ ಅಂತ ವೈದ್ಯರ ಎಚ್ಚರಿಕೆ. ಎಷ್ಟೋ ಸಲ ತಕ್ಕಡಿ ನಿಂತಾಗಲೂ ಬೆಲ್ಟಿನ ತೂತು ಒಂದು ಒಳಗೆ ಹೋಗಿರುತ್ತೆ.

ಶುರು ಮಾಡೋದು ಚಿಕ್ಕದರಿಂದ. ಚಹಾದ ಲೆಕ್ಕವನ್ನೇ ಹಾಕಿ. ದಿನಕ್ಕೆ ಆರು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. 12 ಚಮಚಕ್ಕೆ 200 ಕ್ಯಾಲೋರಿ ಮೇಲಾಯಿತು. ತಿಂಗಳಿಗೆ 6,000! ಹತ್ತಿರ ಹತ್ತಿರ ಮುಕ್ಕಾಲು ಕಿಲೋ ಕೊಬ್ಬಿನ ಲೆಕ್ಕ. ಮುದ್ದೆ, ಅನ್ನ ಪೂರ್ತಿ ಬಿಡೋದು ಬೇಡ. ಬಿಟ್ಟವನು ಸಂಜೆ ಬಜ್ಜಿ ಮೇಲೆ ಬೀಳ್ತಾನೆ, ಗ್ಯಾರಂಟಿ. ಅನ್ನ ಅರ್ಧ ಮಾಡಿ, ಸೊಪ್ಪು-ಕಾಳು ಎರಡು ಪಾಲು ಹಾಕಿಸಿಕೊಳ್ಳಿ. ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದು ದಿನ, ಅರ್ಧರ್ಧ ಗಂಟೆ. ಎರಡು ಸ್ಟಾಪ್ ಮೊದಲೇ ಬಸ್ ಇಳಿದರೂ ಸ್ವಲ್ಪ ಲೆಕ್ಕಕ್ಕೆ ಬಂತು.

ಅಣ್ಣಾವ್ರನ್ನು ನೋಡಿ. 'ಕಾಮನಬಿಲ್ಲು' ಬಂದದ್ದು 1983ರಲ್ಲಿ. ಆಗ ಅವರಿಗೆ 50 ದಾಟಿತ್ತು. ಅದರಲ್ಲಿ ಅವರು ಮಾಡುವ ಯೋಗಾಸನಗಳನ್ನು ಕಂಡು ಇಪ್ಪತ್ತರ ಹುಡುಗರು ನಾಚಬೇಕು! ಯೋಗವನ್ನು ಅವರು ಹಿಡಿದದ್ದೇ ನಲವತ್ತು ದಾಟಿದ ಮೇಲೆ. ಹಿಡಿದದ್ದು ಒಂದು ದೃಶ್ಯಕ್ಕಲ್ಲ, ದಿನದ ಕೆಲಸವಾಗಿ.

ಅಪ್ಪು ವಿಷಯ ಬರೆಯೋಕೆ ಕೈ ಓಡಲ್ಲ. 2021ರ ಅಕ್ಟೋಬರ್ 29... ಕೇವಲ 46 ವರ್ಷ. ಆ ಸುದ್ದಿಯ ನಂತರ ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಹೃದಯ ತಪಾಸಣೆಗೆ ಜನ ಮುಗಿಬಿದ್ದರು. ವ್ಯಾಯಾಮವೇ ಬೇಡ ಅಂದುಕೊಂಡ ಹುಡುಗರೂ ಇದ್ದಾರೆ. ಅದು ತಪ್ಪು. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆದವರಿದ್ದರೆ, ಬಿ.ಪಿ., ಶುಗರ್ ಇದ್ದರೆ, ನಡೆದಾಗ ಎದೆ ಹಿಡಿದರೆ, ಮೊದಲು ಡಾಕ್ಟರು, ಆಮೇಲೆ ಡಂಬೆಲ್ಸು. ಅಡ್ಡದಾರಿಯಂತೂ ಬೇಡವೇ ಬೇಡ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸರ್ಜರಿಗೆ ಹೋದ 21ರ ಕಿರುತೆರೆ ನಟಿ ಮನೆಗೆ ಮರಳಲಿಲ್ಲ.

ಇನ್ನು ಆಮಿರ್‌ಗೆ ಇದ್ದ ಆ ಬೆತ್ತ! ನಮಗೆ ಶೂಟಿಂಗ್ ತಾರೀಕು ಎಲ್ಲಿಂದ ಬರಬೇಕು? ಹುಡುಕಿದರೆ ಸಿಗುತ್ತೆ. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದವನಿಗೆ ಓಟದ ಪರೀಕ್ಷೆಯಿದೆ. ಇನ್ನೊಬ್ಬನಿಗೆ ಅಣ್ಣನ ಮದುವೆ. ಗರಡಿಮನೆಯಲ್ಲಿ ಉಸ್ತಾದರು ಇರುತ್ತಾರೆ, ಒಂದು ದಿನ ತಪ್ಪಿದರೆ 'ಎಲ್ಲೋ ಸತ್ತಿದ್ದೆ?' ಅಂತ ಎಲ್ಲರ ಮುಂದೆ ಮಾನ ಕಳೀತಾರೆ. ಆ ಭಯ ಸಾಮಾನ್ಯದ್ದಲ್ಲ! ಉಸ್ತಾದ್ ಇಲ್ಲದವರು ಒಬ್ಬ ಗೆಳೆಯನನ್ನು ಹಿಡಿಯಿರಿ. ಬೆಳಿಗ್ಗೆ ಆರಕ್ಕೆ ಬೀದಿ ಮೂಲೆಯಲ್ಲಿ ಅವನು ಕಾಯಬೇಕು. ತಪ್ಪಿಸಿಕೊಂಡವನು ಭಾನುವಾರದ ಸಿನಿಮಾ ಟಿಕೆಟ್ ಇಬ್ಬರಿಗೂ ತೆಗೆಸಬೇಕು. ಮದುವೆ ಮನೆಯಲ್ಲಿ ಹೋಳಿಗೆ ಹೆಚ್ಚಾಯಿತಾ? ಆಗಲಿ ಬಿಡಿ, ಮರುದಿನ ಉಪವಾಸ ಗಿಪವಾಸ ಬೇಡ. ಆರು ಗಂಟೆಗೆ ಮೂಲೆಗೆ ಬಂದರಾಯ್ತು.