ಕಟ್ಟದ ಹಡಗಿಗೆ ಮುಂಗಡ

ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ದಾವಣಗೆರೆಯ ಹುಡುಗ ಒಂದು ಭಾನುವಾರ ಲ್ಯಾಪ್‌ಟಾಪ್ ನನ್ನತ್ತ ತಿರುಗಿಸಿ, “ಅಕ್ಕಾ, ನನ್ನ ಹಡಗು ನೋಡ್ರಿ” ಅಂದ. ಬೂದು ಬಣ್ಣದ ಅಂತರಿಕ್ಷ ನೌಕೆ. ಎಷ್ಟು ಉದ್ದ, ಎಷ್ಟು ಜನ ಬೇಕು, ಎಷ್ಟು ಸರಕು ಹಿಡಿಯುತ್ತದೆ, ಎಲ್ಲ ಬರೆದಿತ್ತು. “ಹಾರಿಸು ನೋಡೋಣ” ಅಂದೆ. “ಇದನ್ನ ಇನ್ನೂ ಕಟ್ಟಿಲ್ಲಕ್ಕ” ಎಂದು ನಕ್ಕ. ಕಟ್ಟುವ ಜಾಗವೂ ದೂರವಲ್ಲ. ನಾವಿರುವ ಫಾಲೋಫೀಲ್ಡಿನಿಂದ 143ನೇ ನಂಬರಿನ ಬಸ್ಸು ಹಿಡಿದು ಮ್ಯಾಂಚೆಸ್ಟರ್ ಪೇಟೆಗೆ ಹೋದರೆ, ಆ ಆಟ ತಯಾರಾಗುವ ದೊಡ್ಡ ಸ್ಟುಡಿಯೋ ಅಲ್ಲೇ ಇದೆ.

ಆಟದ ಹೆಸರು ಸ್ಟಾರ್ ಸಿಟಿಜನ್, ಕಂಪನಿ ಕ್ಲೌಡ್ ಇಂಪೀರಿಯಂ ಗೇಮ್ಸ್. ಸ್ಥಾಪಕ ಕ್ರಿಸ್ ರಾಬರ್ಟ್ಸ್ ಹುಟ್ಟಿದ್ದು ಅಮೆರಿಕದಲ್ಲಾದರೂ ಬೆಳೆದದ್ದು ಇದೇ ಮ್ಯಾಂಚೆಸ್ಟರಿನಲ್ಲಿ. ಹದಿಹರೆಯದಲ್ಲೇ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ ಆಟ ಬರೆದು ಮಾರಿದವನು, 1990ರಲ್ಲಿ ‘ವಿಂಗ್ ಕಮಾಂಡರ್’ ಮಾಡಿ ಹೆಸರಾದ. 2012ರ ಅಕ್ಟೋಬರಿನಲ್ಲಿ ಹೊಸ ಆಟಕ್ಕೆಂದು ಜನರ ಮುಂದೆ ಜೋಳಿಗೆ ಹಿಡಿದ. ಕಿಕ್‌ಸ್ಟಾರ್ಟರಿನಲ್ಲಿ ಕೇಳಿದ್ದು 5 ಲಕ್ಷ ಡಾಲರ್. ತನ್ನದೇ ಜಾಲತಾಣದ್ದೂ ಸೇರಿ ನವೆಂಬರಿನೊಳಗೆ ಬಂದದ್ದು 62 ಲಕ್ಷ. ಸಾಮಾನ್ಯವಾಗಿ ಇಂಥ ದೇಣಿಗೆ ಅಲ್ಲಿಗೇ ಮುಗಿಯುತ್ತದೆ. ಇವರು ಡಬ್ಬಿ ಮುಚ್ಚಲೇ ಇಲ್ಲ. 2025ರಲ್ಲಿ ಮೊತ್ತ 80 ಕೋಟಿ ಡಾಲರ್ ದಾಟಿತು, ಆಟ ಆಗಲೂ ಪರೀಕ್ಷಾ ಹಂತದಲ್ಲೇ ಇತ್ತು.

ಕಂಪನಿ ಇದನ್ನು ಮಾರಾಟ ಅನ್ನುವುದಿಲ್ಲ, ‘ಪ್ಲೆಡ್ಜ್’ ಅನ್ನುತ್ತದೆ. ನಮಗೆ ಆ ಮಾತು ಕೇಳಿದರೆ ನೆನಪಾಗುವುದು ಬ್ಯಾಂಕಿನಲ್ಲಿ ಅಡವಿಟ್ಟ ಬಳೆ. ಹರಕೆ ಅನ್ನೋಣವೆಂದರೆ ಹರಕೆ ತೀರಿಸುವುದು ಕೆಲಸ ಆದ ಮೇಲೆ, ಇಲ್ಲಿ ದುಡ್ಡು ಮೊದಲು. ಬೆಂಗಳೂರಿನ ಹೊರವಲಯದಲ್ಲಿ ಬರೀ ನಕ್ಷೆ ತೋರಿಸಿ ಫ್ಲ್ಯಾಟ್ ಬುಕ್ ಮಾಡಿಸುತ್ತಾರಲ್ಲ, ಅದೇ ಇದಕ್ಕೆ ಸರಿಯಾದ ಹೋಲಿಕೆ. ಹಡಗಿನ ಚಿತ್ರ ಮಾತ್ರ ಇದ್ದಾಗ ಒಂದು ಬೆಲೆ, ಆಟದೊಳಗೆ ಹಾರತೊಡಗಿದ ಮೇಲೆ ಸಾಮಾನ್ಯವಾಗಿ ಇನ್ನೂ ಹೆಚ್ಚು. ಬೇಗ ಕೊಂಡವರಿಗೆ ಆಜೀವ ವಿಮೆಯ ಆಮಿಷ ಬೇರೆ. ಹಡಗು ಹಾರುವಷ್ಟು ತಯಾರಾಗುವ ತನಕ ಅಂಥದ್ದೇ ಕೆಲಸ ಮಾಡುವ ಇನ್ನೊಂದು ಹಡಗನ್ನು ಎರವಲು ಕೊಡುತ್ತಾರೆ. ನಮ್ಮ ಹುಡುಗ ಓಡಾಡುವುದು ಅಂಥ ಎರವಲು ನೌಕೆಯಲ್ಲೇ.

ಆಟಕ್ಕೆ ಸೇರಲು ಸುಮಾರು 45 ಡಾಲರಿನ ಪ್ಯಾಕೇಜ್ ಸಾಕು. ಮಿಕ್ಕ ಹಡಗುಗಳಲ್ಲಿ ಹಾರುವಂಥವನ್ನು ಬಹುಮಟ್ಟಿಗೆ ಆಟದೊಳಗೇ ದುಡಿದು ಕೊಳ್ಳಬಹುದು. ಹಾಗಿದ್ದರೆ ನಿಜವಾದ ದುಡ್ಡು ಯಾಕೆ ಸುರಿಯಬೇಕು? ಪರೀಕ್ಷಾ ಹಂತದ ಆಟದಲ್ಲಿ ಆಗಾಗ ಲೆಕ್ಕಪುಸ್ತಕವನ್ನೇ ಒರೆಸಿ ಹೊಸದಾಗಿ ಶುರುಮಾಡುವುದುಂಟು. ಆಗ ದುಡಿದು ಕೊಂಡದ್ದು ಹೋಗುತ್ತದೆ, ಪ್ಲೆಡ್ಜ್ ಮಾಡಿದ್ದು ಉಳಿಯುತ್ತದೆ. ವಾರಗಟ್ಟಲೆ ದುಡಿಯುವ ತಾಳ್ಮೆ ಇಲ್ಲದವರೂ ಇದ್ದಾರೆನ್ನಿ.

ಜಾಣತನ ಇರುವುದು ಬದಲಾವಣೆಯ ಲೆಕ್ಕದಲ್ಲಿ. ನಿಮ್ಮ ಬಳಿ 100 ಡಾಲರಿನ ಹಡಗಿದೆ, 150ರದ್ದು ಬೇಕು ಅಂದರೆ 50 ಕೊಟ್ಟು ಮೇಲೇರಬಹುದು. ಬೇಡವಾದ ಹಡಗನ್ನು ‘ಕರಗಿಸ’ಬಹುದು. ಚಿನ್ನದಂಗಡಿಯಲ್ಲಿ ಹಳೇ ಸರ ಕೊಟ್ಟ ಹಾಗೆ, ಆದರೆ ಸವಕಳಿ ಕಳೆಯುವುದಿಲ್ಲ, ಕೊಟ್ಟ ಬೆಲೆ ಪೂರ್ತಿ ನಿಮ್ಮ ಖಾತೆಗೆ ಜಮಾ. ಒಂದೇ ತೊಡಕೆಂದರೆ ಅದು ಅದೇ ಅಂಗಡಿಯಲ್ಲಿ ಮಾತ್ರ ಚಲಾವಣೆಯಾಗುತ್ತದೆ. ಕೆಲವು ರಿಯಾಯಿತಿ ಬೆಲೆಗಳು ಹೊಸ ನಗದು ಕೊಟ್ಟವರಿಗೆ ಮಾತ್ರ, ಜಮಾ ಇರುವ ಮೊತ್ತಕ್ಕಲ್ಲ. ಹೀಗಾಗಿ ಹೊರಗಿನ ದುಡ್ಡು ಒಳಗೆ ಬರುತ್ತಲೇ ಇರುತ್ತದೆ. ಮೇ ಮತ್ತು ನವೆಂಬರಿನಲ್ಲಿ ಆಟದೊಳಗೇ ಹಡಗಿನ ಜಾತ್ರೆ. ಆಗ ಕೆಲವು ದಿನ ಬಿಟ್ಟಿಯಾಗಿ ಹಾರಿಸಿ ನೋಡಬಹುದು, ಮಾರಾಟದ ಕಾವೂ ಆಗಲೇ.

ಮೇಲಿನ ಅಟ್ಟದ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. 2018ರಲ್ಲಿ ‘ಲೆಗಾಟಸ್’ ಎಂಬ ಹಡಗುಗಳ ಕಟ್ಟು 27,000 ಡಾಲರಿಗೆ ಬಂತು. ಮೊದಲೇ 1,000 ಡಾಲರ್ ಖರ್ಚು ಮಾಡಿದವರಿಗಷ್ಟೇ ಅದರ ಪುಟ ಕಾಣುತ್ತಿತ್ತು. 2024ರ ಜನವರಿಯ ಕಟ್ಟಿಗೆ 48,000 ಡಾಲರ್, ಎಂದರೆ ಹತ್ತಿರ ಹತ್ತಿರ 40 ಲಕ್ಷ ರೂಪಾಯಿ. ಬಾಗಿಲು ತೆರೆಯಲು 10,000 ಡಾಲರಿನ ಹಳೇ ಲೆಕ್ಕ ಬೇಕಿತ್ತು. ದಾವಣಗೆರೆಯಲ್ಲಿ ಅಷ್ಟಕ್ಕೆ ಗೋಡೆ, ಬಾಗಿಲು ಇರುವ ಏನಾದರೂ ಸಿಗುತ್ತಿತ್ತು ಎಂದು ನನ್ನ ಮನಸ್ಸು ಗೊಣಗಿತು.

ಮೋಸ ಅನ್ನಲು ನಾನು ಒಪ್ಪುವುದಿಲ್ಲ. ಬಂದ ದುಡ್ಡಿನ ಲೆಕ್ಕ ಅವರ ಜಾಲತಾಣದಲ್ಲೇ ಕಾಣುತ್ತಿತ್ತು, ಆಟವನ್ನು ಇವತ್ತೂ ಆಡಬಹುದು. ನನಗೆ ಹಿಡಿಸದ್ದು ಬೇರೆ: ಮುಗಿಸಿ ಮಾರುವವನಿಗೆ ಮುಗಿಸುವ ಆತುರವಿರುತ್ತದೆ, ಮುಗಿಯುವ ಮೊದಲೇ ದುಡ್ಡು ಬರುವವನಿಗೆ ಹೊಸ ಹಡಗಿನ ಚಿತ್ರ ಬರೆಯುವುದೇ ಹೆಚ್ಚು ಲಾಭ. 2021ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಕರು ದೂರೊಂದರ ಮೇಲೆ ಸಲಹೆ ಕೊಟ್ಟ ಬಳಿಕ, ಹಡಗು ಇನ್ನೂ ತಯಾರಾಗಿಲ್ಲ ಎಂಬ ಸೂಚನೆ ಜಾಹೀರಾತಿನಲ್ಲಿ ಸ್ಪಷ್ಟವಾಗಿ ಬರತೊಡಗಿತು. ಕೊಳ್ಳುವವರು ಮೊದಲು ಆ ಸಾಲು ಹುಡುಕಲಿ. ಹಣ ವಾಪಸ್ಸಿನ ಗಡುವನ್ನೂ ಓದಿಕೊಳ್ಳಲಿ, ಅದು ದಿನಗಳ ಲೆಕ್ಕದ್ದು, ಹಡಗು ಬರುವುದು ವರ್ಷಗಳ ಲೆಕ್ಕದಲ್ಲಿ.

2024ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರ್ ಸೆಂಟ್ರಲ್‌ನಲ್ಲಿ ಇವರ ಅಭಿಮಾನಿಗಳ ಸಮಾವೇಶ ನಡೆಯಿತು. ಹಳೇ ರೈಲು ನಿಲ್ದಾಣದ ಕಮಾನಿನ ಕೆಳಗೆ, 2014ಕ್ಕೇ ಬರಬೇಕಿದ್ದ ಇವರದೇ ಇನ್ನೊಂದು ಆಟ ‘ಸ್ಕ್ವಾಡ್ರನ್ 42’ 2026ಕ್ಕೆ ಬರುತ್ತದೆಂದು ಸಾರಿದರು. ಜನ ಎದ್ದು ಚಪ್ಪಾಳೆ ತಟ್ಟಿದರೆಂದು ನಮ್ಮ ಹುಡುಗ ಹೇಳಿದ. ಒಂದು ಕಾಲಕ್ಕೆ ರೈಲಿಗೆ ಕಾಯುತ್ತಿದ್ದ ಜಾಗ ಅದು.