ಮಾಂತ್ರಿಕನ ಮಂತ್ರ ಫಲಿಸದಿರುವುದೇಕೆ?

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ, 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಆಟ. ಇದರಲ್ಲಿ ಮಾಂತ್ರಿಕನಾದವರ ಕೊರಗು ಹಳೆಯದು: ಖಡ್ಗಧಾರಿ ಗೆಳೆಯ ಶತ್ರುಗಳನ್ನು ಕೆಡಹುತ್ತಿದ್ದರೆ, ತನ್ನ ಮಂತ್ರಗಳೆಲ್ಲ ಹುಸಿಯಾಗುತ್ತವೆ.

ದೋಷ ಬಹುಮಟ್ಟಿಗೆ ಮಂತ್ರದ ಆಯ್ಕೆಯಲ್ಲಿದೆ. 2014ರ ಐದನೆಯ ಆವೃತ್ತಿಯ ನಿಯಮದಂತೆ, ಇಂಥ ಮಂತ್ರಗಳನ್ನು ತಡೆಯಲು ಶತ್ರು 20 ಮುಖಗಳ ದಾಳ ಎಸೆದು ನಿಗದಿತ ಅಂಕ ಮುಟ್ಟಬೇಕು. ಮೂರನೆಯ ಹಂತದ, ಬುದ್ಧಿಶಕ್ತಿ 16 ಇರುವ ಮಾಂತ್ರಿಕನಿಗೆ ಆ ಅಂಕ 13. ಮೂಲದ 8, ಪರಿಣತಿಯ 2, ಬುದ್ಧಿಯ 3 ಸೇರಿದ ಮೊತ್ತವದು. ಓಗರ್ ಎಂಬ ದೈತ್ಯನ ದೇಹ ಗಟ್ಟಿ. ದೇಹದಾರ್ಢ್ಯದಿಂದ ತಡೆಯುವ ಮಂತ್ರ ಪ್ರಯೋಗಿಸಿದರೆ ಅವನ ದಾಳಕ್ಕೆ 3 ಕೂಡುತ್ತದೆ, ಮಂತ್ರ ಫಲಿಸುವ ಸಾಧ್ಯತೆ ಶೇ. 45. ಆದರೆ ಅವನು ಚುರುಕಿನವನಲ್ಲ. ಚುರುಕುತನದಿಂದ ತಪ್ಪಿಸಿಕೊಳ್ಳಬೇಕಾದ 'ವೆಬ್' ಮಂತ್ರದ ಬಲೆ ಬೀಸಿದರೆ ಅವನ ದಾಳದಿಂದ 1 ಕಳೆಯುತ್ತದೆ, ಸಾಧ್ಯತೆ ಶೇ. 65ಕ್ಕೇರುತ್ತದೆ. ಬಲೆಗೆ ಸಿಕ್ಕವನ ಮೇಲೆ ಎರಗುವ ಗೆಳೆಯರು ಎರಡು ದಾಳ ಎಸೆದು ದೊಡ್ಡದನ್ನು ಎಣಿಸಬಹುದು. ಕೊಂದ ಕೀರ್ತಿ ಖಡ್ಗಧಾರಿಗೇ ಸಂದೀತು, ಸಲ್ಲಲಿ!

ಇಂಥ ಮಂತ್ರಕ್ಕೆ ಏಕಾಗ್ರತೆ ಬೇಕು. ಏಕಕಾಲಕ್ಕೆ ಒಂದನ್ನಷ್ಟೇ ಹಿಡಿದಿಡಬಹುದು; ಪೆಟ್ಟು ಬಿದ್ದಾಗಲೆಲ್ಲ ಅದು ಮುರಿಯುವ ಭಯ. ಆದ್ದರಿಂದ ಬುದ್ಧಿಶಕ್ತಿಯ ನಂತರ ದೇಹದಾರ್ಢ್ಯಕ್ಕೂ ಅಂಕ ಮೀಸಲಿಟ್ಟು, ಗುರಾಣಿಧಾರಿಗಳ ಹಿಂದೆ ನಿಲ್ಲುವುದು ಲೇಸು. ಸಣ್ಣಪುಟ್ಟ ಶತ್ರುಗಳಿಗೆ ಎಷ್ಟು ಬಾರಿಯಾದರೂ ಪ್ರಯೋಗಿಸಬಹುದಾದ 'ಫೈರ್ ಬೋಲ್ಟ್' ಸಾಕು. ದಿನಕ್ಕೊಮ್ಮೆ ಕಿರುವಿಶ್ರಾಂತಿಯ ಬಳಿಕ, ವ್ಯಯವಾದ ಮಂತ್ರಶಕ್ತಿಯ ಒಂದಂಶ ಮರಳಿ ಪಡೆಯುವ ಸೌಲಭ್ಯವೂ ಮಾಂತ್ರಿಕನಿಗಿದೆ. ಆಟದ ಭರದಲ್ಲಿ ಅದು ಮರೆತೇ ಹೋಗುವುದುಂಟು.