ಅರ್ನ್ ಸರೋವರದ ಗಾಳದ ಪಂದ್ಯಗಳು

ಉತ್ತರ ಐರ್ಲೆಂಡಿನ ಎನಿಸ್ಕಿಲನ್ ಪಟ್ಟಣದ ಆಸುಪಾಸಿನಲ್ಲಿ, ಅರ್ನ್ ಸರೋವರದ ದಡಗಳ ಮೇಲೆ ವಸಂತಋತುವಿನಲ್ಲಿ ಹಲವು ದಿನ ನಡೆಯುವ ಗಾಳದ ಪಂದ್ಯಗಳಿಗೆ, ರೋಚ್ ಮತ್ತು ಬ್ರೀಮ್ ಮೀನುಗಳನ್ನರಸಿ ದೂರದೂರದ ಸ್ಪರ್ಧಿಗಳು ಬಂದು ನೆರೆಯುತ್ತಾರೆ. ಪ್ರತಿದಿನವೂ ಚೀಟಿಯೆತ್ತಿ ದೊರೆತ ಸ್ಥಾನದಲ್ಲಿಯೇ ಕುಳಿತು, ಸಾಮಾನ್ಯವಾಗಿ 5 ಗಂಟೆಗಳ ಕಾಲ ಗಾಳ ಹಾಕಬೇಕು. ರೊಟ್ಟಿಪುಡಿಯ ಉಂಡೆಗಳನ್ನು ಒಂದೇ ಗುರಿಗೆ ಎಸೆದು ಮೀನಿನ ಹಿಂಡನ್ನು ಸೆಳೆದು, ಕೊಕ್ಕೆಗೆ ನೊಣದ ಮರಿಹುಳುವೊಂದನ್ನು ಸಿಕ್ಕಿಸಿ, ಬೆಂಡು ಮುಳುಗುವ ಕ್ಷಣವನ್ನು ಕಾಯುವುದಕ್ಕೆ ಅಸಾಧಾರಣವಾದ ಏಕಾಗ್ರತೆ ಬೇಕು. ಹಿಡಿದ ಮೀನು ನೀರಿನಲ್ಲಿ ಇಳಿಬಿಟ್ಟ ಬಲೆಚೀಲದಲ್ಲಿ ಜೀವಂತವಾಗಿದ್ದು, ತೂಗಿದೊಡನೆ ಸರೋವರಕ್ಕೆ ಮರಳುತ್ತದೆ. ದಡವನ್ನು ವಿಭಾಗಗಳಾಗಿ ಹಂಚಿ, ಪ್ರತಿ ವಿಭಾಗದಲ್ಲಿ ಅತ್ಯಧಿಕ ತೂಕ ಗಳಿಸಿದವನಿಗೆ 1 ಅಂಕ, ಎರಡನೆಯವನಿಗೆ 2 ಎಂದೆಣಿಸುವ ಪದ್ಧತಿಯಲ್ಲಿ, ಕಡೆಯ ದಿನ ಒಟ್ಟು ಅಂಕ ಕಡಿಮೆಯುಳ್ಳವನೇ ವಿಜಯಿ. ಆದುದರಿಂದ ಒಂದು ದಿನದ ಅದೃಷ್ಟಕ್ಕಿಂತ, ಮೀನು ವಿರಳವಾದ ಸ್ಥಾನದಲ್ಲಿಯೂ ಕೈಚೆಲ್ಲದ ಶ್ರದ್ಧೆಗೇ ಇಲ್ಲಿ ಹೆಚ್ಚಿನ ಮನ್ನಣೆ.